ಕೂತವರು ಎಡವುವುದಿಲ್ಲ

ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ಗುರ್ ಎಂದಾಗ ಆಯಾಳ ಎರಡೂ ಕೈ ಮೊಣಕೈವರೆಗೆ ಸೋಪಿನ ನೊರೆಯಲ್ಲಿದ್ದವು. ಸ್ನಾನದ ಸ್ಟೂಲಿನ ಮೇಲೆ ಕೂತಿದ್ದ ಅಜ್ಜಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, "ನೀರು ಹಾಕೇ, ಕಣ್ಣು ಉರೀತಿದೆ" ಎನ್ನುತ್ತಿದ್ದಳು. ಫೋನು ಮತ್ತೆ ಗುರ್ ಎಂದಿತು. ನೋಡದೆಯೂ ಅವಳಿಗೆ ಗೊತ್ತು, ಏಳನೇ ನಂಬರಿನ ಕೋಣೆ. ಕಂಡಕ್ಟರು ಎದ್ದು ನಿಂತಿದ್ದಾರೆ.

"ಕೂತ್ಕೊಳ್ಳಿ!" ಎಂದು ಅವಳು ಬಚ್ಚಲಿನಿಂದಲೇ ಕೂಗಿದಳು. "ಯಜಮಾನ್ರೇ, ಕೂತ್ಕೊಳ್ಳಿ ಅಂದೆ!"

"ಕೂತೇ ಇದ್ದೀನಲ್ಲೇ" ಎಂದಳು ಅಜ್ಜಿ.

"ನಿಮಗಲ್ಲಜ್ಜಿ. ಹಾಗೇ ಇರಿ, ಅಲ್ಲಾಡಬೇಡಿ, ಬಂದೆ."

ಒಂದು ಚೊಂಬು ನೀರು ಸುರಿದು, ಅಜ್ಜಿಯ ಹೆಗಲಿಗೆ ಟವೆಲ್ ಹೊದಿಸಿ ಅವಳು ಓಡಿದಳು. ಏಳನೇ ಕೋಣೆಯಲ್ಲಿ ಕಂಡಕ್ಟರು ಮಂಚಕ್ಕೂ ಕುರ್ಚಿಗೂ ನಡುವೆ ಕಾಲು ಅಗಲಿಸಿ ನಿಂತು, ಯಾವುದನ್ನೂ ಹಿಡಿಯದೆ, ಹಿಮ್ಮಡಿ ಎತ್ತಿ ಇಳಿಸುತ್ತಿದ್ದರು. ಅವಳನ್ನು ಕಂಡು, "ಹೋಲ್ಡಾನ್" ಎಂದು ತಮಗೆ ತಾವೇ ಹೇಳಿಕೊಂಡು ಕುರ್ಚಿಯಲ್ಲಿ ಕೂತರು.

"ಎಷ್ಟಾಯ್ತು?"

ಅವಳು ಫೋನು ನೋಡಿದಳು. "ಒಂದು ನಿಮಿಷ ಇಪ್ಪತ್ತೆರಡು ಸೆಕೆಂಡು."

"ಛೆ. ಬಸ್ಸು ಲೇಟು."

ಅವಳಿಗೆ ನಗು ಬರಲಿಲ್ಲ. ಒದ್ದೆ ನೆಲದ ಬಚ್ಚಲಿನಲ್ಲಿ ಎಂಬತ್ತಮೂರು ವರ್ಷದ ಅಜ್ಜಿಯನ್ನು ಒಬ್ಬಳನ್ನೇ ಬಿಟ್ಟು ಬಂದದ್ದು ಆಗ ಹೊಳೆದು, ಬಂದಷ್ಟೇ ವೇಗದಲ್ಲಿ ವಾಪಸ್ಸು ಓಡಿದಳು. ಸ್ನಾನಕ್ಕೆಂದು ಅಜ್ಜಿಯ ಸೊಂಟದ ಪಟ್ಟಿ ಬಿಚ್ಚಿಟ್ಟಿದ್ದಳು. ಆದ್ದರಿಂದ ಆ ಎರಡು ನಿಮಿಷದಲ್ಲಿ ಅಜ್ಜಿಗೆ ಏನಾಗಿದ್ದರೂ ಯಾವ ಫೋನೂ ಏನೂ ಹೇಳುತ್ತಿರಲಿಲ್ಲ.

ಆ ಹಿರಿಯರ ಆರೈಕೆ ಮನೆಯಲ್ಲಿ ಇಪ್ಪತ್ತಮೂರು ಜನ ಇದ್ದರು. ಎಲ್ಲರ ಸೊಂಟಕ್ಕೂ ಎರಡು ಬೆರಳಗಲದ ಒಂದೊಂದು ಪಟ್ಟಿ, ಪಟ್ಟಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ. ಆಫೀಸಿನ ಗೋಡೆಯ ಮೇಲೆ ದೊಡ್ಡ ಪರದೆ. ಕೂತವರು, ಮಲಗಿದವರು ಅದರಲ್ಲಿ ಹಸಿರು ಚುಕ್ಕೆ. ಎದ್ದರೆ ಹಳದಿ. ಬಿದ್ದರೆ ಕೆಂಪು. ಹಳದಿಯಾದ ಒಂದು ನಿಮಿಷದೊಳಗೆ ಆಯಾಳ ಫೋನು ಆ ಪಟ್ಟಿಯ ಹತ್ತಿರ ಹೋಗಬೇಕು, ಇಲ್ಲವೇ ಚುಕ್ಕೆ ಮತ್ತೆ ಹಸಿರಾಗಬೇಕು. ಎರಡೂ ಆಗದಿದ್ದರೆ ಅವಳ ಹೆಸರಿನ ಮುಂದೆ ಒಂದು 'ತಡ' ಬೀಳುತ್ತಿತ್ತು. ಪರದೆಯ ಮೂಲೆಯಲ್ಲಿ 'ಯಾರೂ ಬೀಳದ ದಿನಗಳು' ಎಂಬ ಅಂಕಿ ದಿನಾ ಒಂದೊಂದು ಏರುತ್ತಿತ್ತು.

ಪಟ್ಟಿ ಸುಮ್ಮನೆ ಬಂದದ್ದಲ್ಲ. ಅದಕ್ಕೆ ಮುಂಚಿನ ವರ್ಷ ಸಕ್ಕರೆ ಅಜ್ಜಿ ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬಾಕೆ ಹಜಾರದಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಗ ಹಜಾರದ ಪಾಳಿ ಈ ಆಯಾಳದೇ. ಅಡಿಗೆಯವನ ಹತ್ತಿರ ಬಿಸಿನೀರು ಕೇಳಲು ಹೋಗಿದ್ದಳು, ಅಷ್ಟೇ. ಹಿಂದಿನಿಂದ ಸದ್ದು ಕೇಳಿತು. ಮರದ ಹಲಗೆ ನೆಲಕ್ಕೆ ಬಿದ್ದ ಹಾಗೆ, ಒಂದೇ ಸದ್ದು, ಆಮೇಲೆ ಏನೂ ಇಲ್ಲ. ಇಪ್ಪತ್ತು ದಿನಕ್ಕೆ ಸಕ್ಕರೆ ಅಜ್ಜಿ ಆಸ್ಪತ್ರೆಯಲ್ಲೇ ತೀರಿಕೊಂಡಳು. ಇವತ್ತಿಗೂ ಅಡಿಗೆಮನೆಯಲ್ಲಿ ಯಾರಾದರೂ ಮಣೆ ಬೀಳಿಸಿದರೆ ಆಯಾ ಕೈಯಲ್ಲಿದ್ದದ್ದನ್ನು ಬಿಟ್ಟು ಹಜಾರಕ್ಕೆ ಓಡುತ್ತಾಳೆ.

ಹಾಗಾಗಿ ಪಟ್ಟಿ ಬಂದಾಗ ಎಲ್ಲರಿಗಿಂತ ಖುಷಿಪಟ್ಟವಳು ಅವಳೇ. ತನ್ನ ಬೆನ್ನಿಗೂ ಎರಡು ಕಣ್ಣು ಬಂದಂತಾಯಿತು ಅಂದುಕೊಂಡಿದ್ದಳು. ಎರಡು ತಿಂಗಳಾದ ಮೇಲೆ ಹಗಲು ಪಾಳಿಯ ನಾಲ್ವರು ಆಯಾಗಳಲ್ಲಿ ಇಬ್ಬರನ್ನು ಬಿಡಿಸಿದರು. "ಪಟ್ಟಿ ಇದೆಯಲ್ಲ" ಎಂದ ಮ್ಯಾನೇಜರು. "ಅದು ಕಣ್ಣು ಮುಚ್ಚಲ್ಲ, ರಜಾ ಕೇಳಲ್ಲ, ಪಕ್ಕದವರ ಜೊತೆ ಜಗಳ ಆಡಲ್ಲ."

"ಎತ್ತಿ ಕೂರಿಸೋದೂ ಇಲ್ಲ ಸಾರ್" ಎಂದಿದ್ದಳು ಅವಳು. ಅವನು ನಕ್ಕಿದ್ದ.

ಕಂಡಕ್ಟರು ಅಲ್ಲಿಗೆ ಬಂದದ್ದು ಇರಲಿಕ್ಕಲ್ಲ, ಕಾಲು ಗಟ್ಟಿ ಮಾಡಿಕೊಂಡು ಹೋಗಲಿಕ್ಕೆ. ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವರು. ಹೆಂಡತಿ ಹೋದ ಮೇಲೆ ಮಗಳ ಜೊತೆಗಿದ್ದರು. ಮಗಳು ಇನ್ನೊಂದು ಊರಿನ ಶಾಲೆಯಲ್ಲಿ ಭೂಗೋಳದ ಟೀಚರು, ಮದುವೆಯಾಗಿರಲಿಲ್ಲ. ಅವಳ ಮನೆ ಮೊದಲನೇ ಮಹಡಿಯಲ್ಲಿ, ಹದಿನೆಂಟು ಮೆಟ್ಟಿಲು, ಲಿಫ್ಟ್ ಇಲ್ಲ. ಆ ಮೆಟ್ಟಿಲಲ್ಲೇ ಎರಡು ಸಲ ಬಿದ್ದು, ಎರಡನೇ ಸಲ ಮಣಿಕಟ್ಟು ಮುರಿದುಕೊಂಡಿದ್ದರು. "ಹದಿನೆಂಟು ಮೆಟ್ಟಿಲು ಹತ್ತಿ ಇಳಿಯೋ ಹಾಗಾದ ದಿನ ಬಂದು ಕರ್ಕೊಂಡು ಹೋಗ್ತೀನಪ್ಪ" ಎಂದು ಮಗಳು ಸೇರಿಸಿ ಹೋಗಿದ್ದಳು.

ಪಟ್ಟಿಯ ಜೊತೆಗೆ ಅದನ್ನು ಮಾಡಿದ ಕಂಪನಿಯವರು ಒಂದು ಚಾಪೆಯನ್ನೂ ಕೊಟ್ಟಿದ್ದರು. ಹಜಾರದ ಟೀವಿಗೆ ಅದನ್ನು ಜೋಡಿಸಿ, ವಾರಕ್ಕೆ ಮೂರು ಬೆಳಗ್ಗೆ ಒಬ್ಬಳು ಹುಡುಗಿ ಬಂದು ಆಡಿಸುತ್ತಿದ್ದಳು. ಎಲ್ಲರಿಗೂ ಅವಳು ವ್ಯಾಯಾಮದ ಮೇಡಂ. ಚಾಪೆಯ ಮೇಲೆ ಹೆಜ್ಜೆ ಗುರುತು ಬೆಳಗುತ್ತವೆ, ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಬೆಳಗಿದ ಕಡೆ ಕಾಲಿಡಬೇಕು. ಕೊನೆಗೆ ಅರ್ಧ ನಿಮಿಷ ಅಲ್ಲಾಡದೆ ನಿಲ್ಲಬೇಕು. ಮೈ ಎಷ್ಟು ತೂಗಾಡಿತು ಎನ್ನುವುದನ್ನು ಟೀವಿ ಒಂದು ಗೆರೆಯಾಗಿ ಬರೆದು ತೋರಿಸುತ್ತಿತ್ತು. ಮೊದಲ ದಿನ ಕಂಡಕ್ಟರ ಗೆರೆ ಬೆಕ್ಕು ಎಳೆದಾಡಿದ ನೂಲಿನುಂಡೆಯ ಹಾಗಿತ್ತು. "ಇದು ನಂದಲ್ಲ, ಡ್ರೈವರ್ ಬ್ರೇಕ್ ಹಾಕ್ದ" ಎಂದು ಅವರು ವಾದ ಮಾಡಿದ್ದರು.

ನಾಲ್ಕು ತಿಂಗಳಲ್ಲಿ ಆ ಗೆರೆ ಅಂಗಿ ಗುಂಡಿಯಷ್ಟಾಯಿತು. ಹಿತ್ತಲ ಕಡೆಯ ಹನ್ನೆರಡು ಮೆಟ್ಟಿಲನ್ನು ಅವರು ಹತ್ತಿ ಇಳಿದು, ಮತ್ತೆ ಆರು ಹತ್ತಿ ಲೆಕ್ಕ ತುಂಬಿಸುತ್ತಿದ್ದರು. ಪಕ್ಕದಲ್ಲಿ ಮೇಡಂ, ಹಿಂದೆ ಆಯಾ. ನೋಡಲು ಬಂದ ಮಗಳಿಗೂ ಅದನ್ನು ಮಾಡಿ ತೋರಿಸಿದ್ದರು. ಮಗಳ ಕಣ್ಣು ತುಂಬಿತ್ತು. "ನನ್ನ ಪರೀಕ್ಷೆ ಕೆಲಸ, ಟ್ರೇನಿಂಗು ಎಲ್ಲ ಮುಗೀಲಿ. ಐದೇ ತಿಂಗಳು" ಎಂದಿದ್ದಳು.

ಮುಂದಿನ ತಿಂಗಳು ವ್ಯಾಯಾಮದ ಮೇಡಂ ಬರಲಿಲ್ಲ. ಈ ಮನೆ ನಡೆಸುವ ದೊಡ್ಡ ಆಫೀಸಿನವರು ಪರದೆಯ ಲೆಕ್ಕವನ್ನೆಲ್ಲ ಕೂಡಿಸಿ ನೋಡಿದರಂತೆ. ಅತಿ ಹೆಚ್ಚು ಹಳದಿ ಬರುವುದು ಹಜಾರದಲ್ಲಿ, ಆ ಮೂರು ಬೆಳಗ್ಗೆ. ಹಳದಿ ಅಂದರೆ ಅಪಾಯ. ಅಪಾಯ ಎಲ್ಲಿದೆಯೋ ಅಲ್ಲಿ ಕಡಿಮೆ ಮಾಡಿ ಎಂದು ಬರೆದಿದ್ದರು. ಚಾಪೆ ಸುರುಳಿಯಾಗಿ ಬೀರುವಿನ ಹಿಂದೆ ನಿಂತಿತು. ಕೊನೆಯ ದಿನ ಮೇಡಂ ಗೇಟಿನ ಹತ್ತಿರ ಆಯಾಳ ಕೈ ಹಿಡಿದು, "ಅಕ್ಕಾ, ಆ ಪಟ್ಟಿ ಬಿದ್ದ ಮೇಲೆ ಕೂಗುತ್ತೆ, ಅಷ್ಟೇ. ಬೀಳದ ಹಾಗೆ ಹಿಡಿಯೋದು ಅವರ ಕಾಲೇ. ದಿನಾ ಹತ್ತು ನಿಮಿಷ ನಿಲ್ಲಿಸಿ, ಮರೀಬೇಡಿ" ಎಂದಿದ್ದಳು.

ಅವಳು ಹೂಂ ಅಂದಿದ್ದಳು. ಆದರೆ ಹನ್ನೊಂದು ಜನ ನಿನ್ನ ಪಾಲಿಗೆ ಎಂದು ಕೊಟ್ಟಿರುವಾಗ ಹತ್ತು ನಿಮಿಷ ಎಲ್ಲಿಂದ ತರುವುದು? ಆದ್ದರಿಂದ ಕಂಡಕ್ಟರು ತಮ್ಮ ಪಾಠವನ್ನು ತಾವೇ ಮಾಡಿಕೊಳ್ಳತೊಡಗಿದ್ದರು. ಅವರು ಎದ್ದಾಗಲೆಲ್ಲ ಅವಳ ಸೊಂಟದಲ್ಲಿ ಫೋನು ಗುರ್ ಎನ್ನುತ್ತಿತ್ತು.

ಅಜ್ಜಿಯ ಸ್ನಾನ ಮುಗಿಸಿ, ತಲೆ ಒರೆಸಿ, ಪಟ್ಟಿ ಕಟ್ಟುವ ಹೊತ್ತಿಗೆ ಮ್ಯಾನೇಜರು ಅವಳನ್ನು ಆಫೀಸಿಗೆ ಕರೆಸಿದ. ಅವನು ಕೆಟ್ಟವನಲ್ಲ. ಅವಳ ಗಂಡನಿಗೆ ದೃಷ್ಟಿ ಪೂರ್ತಿ ಹೋದ ವರ್ಷ ಕೇಳದೆಯೇ ಪಾಳಿ ಬದಲಾಯಿಸಿ ಕೊಟ್ಟವನು. ಕುರ್ಚಿ ತೋರಿಸಿ, ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ.

"ಒಂದು ವಾರಕ್ಕೆ ಹತ್ತೊಂಬತ್ತು ತಡ. ಅದರಲ್ಲಿ ಹದಿನಾರು ಏಳನೇ ನಂಬರು. ಏನಮ್ಮಾ ಇದು?"

"ಅವರು ಕಾಲಿಗೆ ಅಂತ ನಿಲ್ತಾರೆ ಸಾರ್. ಮೇಡಂ ಹೇಳಿಕೊಟ್ಟಿದ್ದು."

"ಮೇಡಂ ಇಲ್ವಲ್ಲ ಈಗ. ಬಿದ್ದರೆ ಮೇಡಂ ಬಂದು ಉತ್ತರ ಕೊಡ್ತಾರಾ?" ಅವನು ಕನ್ನಡಕ ತೆಗೆದು ಒರೆಸಿದ. "ಸಕ್ಕರೆ ಅಜ್ಜಿ ವಿಷಯದಲ್ಲಿ ನಿನ್ನ ಹೆಸರು ಹೊರಗೆ ಬರದ ಹಾಗೆ ನೋಡ್ಕೊಂಡವನು ನಾನೇ. ಎರಡನೇ ಸಲ ನನ್ನ ಕೈಲಾಗಲ್ಲ. ಮುಂದಿನ ತಿಂಗಳು ಈ ಲೆಕ್ಕ ನೋಡಿ ಇಬ್ಬರಲ್ಲಿ ಯಾರನ್ನ ಇಟ್ಕೋಬೇಕು ಅಂತ ಅವರು ಕೇಳಿದರೆ ನಾನೇನು ಹೇಳಲಿ?"

ಅವನು ಕಂಪ್ಯೂಟರನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡ.

"ಗಾದೆನೇ ಇದೆಯಲ್ಲ. ನಡೆಯೋರು ಎಡವದೆ ಕೂತೋರು ಎಡವ್ತಾರಾ ಅಂತ. ಕೂರಿಸಮ್ಮ. ಕೂರಿಸು, ಸಾಕು."

ಆ ಗಾದೆಯನ್ನು ಅವಳ ಅಪ್ಪ ಹೇಳುತ್ತಿದ್ದ ಅರ್ಥವೇ ಬೇರೆ ಇತ್ತು. ಕೆಲಸ ಮಾಡುವವರ ತಪ್ಪನ್ನು ಕ್ಷಮಿಸಬೇಕು ಎನ್ನಲು ಅಪ್ಪ ಹಾಗೆನ್ನುತ್ತಿದ್ದ. ಅದನ್ನು ಹೇಳಬೇಕೆಂದು ಬಾಯಿಗೆ ಬಂತು, ಆದರೆ "ಆಯ್ತು ಸಾರ್" ಎಂದು ಎದ್ದಳು.

ಮಧ್ಯಾಹ್ನ ಊಟದ ತಟ್ಟೆ ತೆಗೆದ ಮೇಲೆ ಅವಳು ಏಳನೇ ಕೋಣೆಗೆ ಹೋಗಿ ಬಾಗಿಲು ಅರ್ಧ ಮುಂದೂಡಿದಳು. ಮಾತು ಹೇಗೆ ತೆಗೆಯುವುದೆಂದು ಗೊತ್ತಾಗದೆ ಹಾಸಿಗೆಯ ಮೇಲಿನ ಹೊದಿಕೆ ಮಡಿಸಿದಳು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು.

"ಹೇಳು ತಂಗಿ" ಎಂದರು ಕಂಡಕ್ಟರು. "ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ?"

"ನೀವು ಎದ್ದಾಗೆಲ್ಲ ನನಗೆ ಬೀಳುತ್ತೆ ಯಜಮಾನ್ರೇ."

"ನಾನೆಲ್ಲಿ ಬಿದ್ದೆ?"

"ನೀವಲ್ಲ. ಲೆಕ್ಕದಲ್ಲಿ. ನನ್ನ ಹೆಸರಿಗೆ." ಅವಳು ಎಲ್ಲ ಹೇಳಿದಳು. ಹದಿನಾರು ತಡ, ಇಬ್ಬರಲ್ಲಿ ಒಬ್ಬರು, ಮನೆಯಲ್ಲಿ ಕಣ್ಣಿಲ್ಲದ ಗಂಡ. ಹೇಳುತ್ತ ಹೇಳುತ್ತ ತನ್ನ ದನಿಯೇ ತನಗೆ ಬೇಡುವವರ ದನಿಯ ಹಾಗೆ ಕೇಳಿ ನಾಚಿಕೆಯಾಯಿತು. "ನನಗೋಸ್ಕರ ಸ್ವಲ್ಪ ದಿನ ಕೂತ್ಕೊಂಡಿರಿ. ಕೈ ಖಾಲಿ ಇದ್ದಾಗ ನಾನೇ ಬಂದು ನಿಲ್ಲಿಸ್ತೀನಿ, ಹಿತ್ತಲಿಗೂ ಕರ್ಕೊಂಡು ಹೋಗ್ತೀನಿ. ನನ್ನಾಣೆ."

ಅವರು ತಮ್ಮ ಮಂಡಿಗಳನ್ನು ನೋಡಿಕೊಂಡರು. ಮಂಡಿಯ ಮೇಲೆ ಅಂಗೈ ಇಟ್ಟು ಎರಡು ಸಲ ತಟ್ಟಿದರು, ಮಾತು ಕೇಳುವ ಎಮ್ಮೆಯನ್ನು ತಟ್ಟಿದ ಹಾಗೆ.

"ಆಣೆ ಗೀಣೆ ಯಾಕೆ. ನಿನ್ನ ಅನ್ನಕ್ಕೆ ಕಲ್ಲು ಹಾಕಿ ನಾನು ಯಾವ ಮೆಟ್ಟಿಲು ಹತ್ತಲಿ?" ಎಂದರು. "ಮೂವತ್ತೊಂದು ವರ್ಷ ನಿಂತು ನಿಂತು ಜನಕ್ಕೆ ಸೀಟು ತೋರಿಸಿದೀನಿ. ಈಗ ನಾನೇ ಕೂರ್ತೀನಿ ಬಿಡು."

ಮೊದಲ ವಾರ ಅವಳು ಎರಡು ಸಲ ಬಂದು ನಿಲ್ಲಿಸಿದಳು. ಮುಂದಿನ ವಾರ ಒಂದು ಸಲ. ಆಮೇಲೆ ಜೊತೆಯ ಆಯಾಗೆ ಜ್ವರ ಬಂತು, ಆಮೇಲೆ ಹೊಸದಾಗಿ ಇಬ್ಬರು ಅಜ್ಜಂದಿರು ಸೇರಿದರು. ಕೈ ಖಾಲಿ ಆಗಲಿಲ್ಲ. ಕಂಡಕ್ಟರು ಕೇಳಲಿಲ್ಲ. ಕೇಳಿದ್ದರೆ ಹೇಗೋ ಬಿಡುವು ಮಾಡಿಕೊಳ್ಳುತ್ತಿದ್ದಳು ಎಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಅದು ನಿಜವೋ ಸುಳ್ಳೋ ಅವಳಿಗೇ ಗೊತ್ತಿರಲಿಲ್ಲ.

ಏಳನೇ ನಂಬರು ಹಸಿರಾಗಿಯೇ ಇತ್ತು. ಇಡೀ ಬೆಳಗ್ಗೆ ಫೋನು ಸುಮ್ಮನಿದ್ದರೆ ಅವಳ ಎದೆಯೂ ಸುಮ್ಮನಿರುತ್ತಿತ್ತು. ಊಟದ ಮನೆಗೆ ನಡೆದು ಬರುವುದು ತಡವಾಗುತ್ತದೆಂದು ಒಂದು ದಿನ ಗಾಲಿಕುರ್ಚಿಯಲ್ಲಿ ಕರೆತಂದಳು. ಮಾರನೆಯ ದಿನವೂ ಅದೇ ಆಯಿತು. "ಡ್ರೈವರಮ್ಮಾ, ರೈಟ್ ರೈಟ್" ಎನ್ನುತ್ತಿದ್ದರು ಕಂಡಕ್ಟರು. ಊಟದ ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ಮೂರನೇ ತಿಂಗಳು ಪಾಯಿಖಾನೆಗೆ ಎಬ್ಬಿಸುವುದು ಬೇಡ, ಬಾಟಲಿ ಕೊಡು ಎಂದರು. ಪ್ಯಾಂಟು ಹಾಕಿಸುವಾಗ ತೊಡೆಯ ಹತ್ತಿರ ಬಟ್ಟೆ ಮಡಿಕೆ ಮಡಿಕೆಯಾಗಿ ಉಳಿಯುತ್ತಿತ್ತು. ಅವಳ ಕೈಗೆ ಅದು ಗೊತ್ತಾಗುತ್ತಿತ್ತು. ಕೈ ತಿಳಿದದ್ದನ್ನು ತಲೆಗೆ ಹತ್ತಿಸಿಕೊಳ್ಳದೆ ಅವಳು ಮುಂದಿನ ಕೋಣೆಗೆ ಹೋಗುತ್ತಿದ್ದಳು.

ಮುನ್ನೂರನೇ ದಿನ ಹಜಾರದಲ್ಲಿ ಸಮಾರಂಭ ಇಟ್ಟಿದ್ದರು. ದೊಡ್ಡ ಆಫೀಸಿನಿಂದ ಕೋಟು ಹಾಕಿದ ಒಬ್ಬರು ಬಂದು, ಮುನ್ನೂರು ದಿನದಲ್ಲಿ ಒಬ್ಬರೂ ಬೀಳದ ಮನೆ ತಮ್ಮ ಒಂಬತ್ತು ಶಾಖೆಗಳಲ್ಲಿ ಇದೊಂದೇ ಎಂದರು. ತಂತ್ರಜ್ಞಾನ ಮತ್ತು ಮಮತೆ ಎರಡು ಕಾಲಿದ್ದ ಹಾಗೆ ಎಂದೂ ಹೇಳಿದರು. ಅತಿ ಕಡಿಮೆ ತಡ ಮಾಡಿದ ಆಯಾ ಎಂದು ಅವಳನ್ನು ಮುಂದೆ ಕರೆದು, ಚೌಕಟ್ಟು ಹಾಕಿಸಿದ ಪ್ರಶಸ್ತಿಪತ್ರ ಕೊಟ್ಟರು. ಗಾಲಿಕುರ್ಚಿಗಳ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಕಂಡಕ್ಟರು.

ಅವರ ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಹೇಳದೆ ಬಂದಿದ್ದಳು. ಕೈಯಲ್ಲಿ ಒಂದು ಖಾಲಿ ಸೂಟ್‌ಕೇಸು.

"ಇವತ್ತು ಕರ್ಕೊಂಡು ಹೋಗೋಣ ಅಂತ ಬಂದೆ" ಎಂದಳು ಮ್ಯಾನೇಜರಿಗೆ, ನಗುತ್ತ. "ಅಪ್ಪಂಗೆ ಫೋನಲ್ಲೂ ಹೇಳಿಲ್ಲ. ಹೊರಗೆ ಗಾಡಿ ನಿಲ್ಸಿದೀನಿ." ನೇರ ಅಪ್ಪನ ಹತ್ತಿರ ಹೋಗಿ ಎರಡೂ ಕೈ ಚಾಚಿದಳು. "ಏಳಪ್ಪ, ಹೊರಡೋಣ. ಹದಿನೆಂಟು ಮೆಟ್ಟಿಲು ಕಾಯ್ತಿವೆ."

ಕಂಡಕ್ಟರು ಮಗಳ ಮುಖ ನೋಡಿದರು. ಆಮೇಲೆ ಆಯಾಳ ಕಡೆ ನೋಡಿದರು. ಕುರ್ಚಿಯ ಕೈ ಹಿಡಿದು ಮುಂದೆ ಬಾಗಿದರು. ಮೈ ಒಂದು ಗೇಣು ಮೇಲೆದ್ದು ಅಲ್ಲೇ ನಿಂತಿತು. ಮಂಡಿಗಳು ಗಡಗಡ ನಡುಗಿದವು. ಧೊಪ್ಪೆಂದು ಕೂತರು. ಮತ್ತೆ ಪ್ರಯತ್ನಿಸಿದರು, ಹಣೆಯ ನರ ಉಬ್ಬಿತು. ಮೂರನೆಯ ಸಲ ಮಗಳೇ ಅವರ ಭುಜ ಒತ್ತಿ ಕೂರಿಸಿದಳು.

"ಏನಾಯ್ತು ಇವರಿಗೆ? ಯಾವಾಗ ಆಯ್ತು?"

"ವಯಸ್ಸು ಮೇಡಂ" ಎಂದ ಮ್ಯಾನೇಜರು.

"ಐದು ತಿಂಗಳ ಹಿಂದೆ ಮೆಟ್ಟಿಲು ಹತ್ತಿ ತೋರಿಸಿದ್ದರು. ಐದು ತಿಂಗಳಲ್ಲಿ ಎಷ್ಟು ವಯಸ್ಸಾಗುತ್ತೆ? ಪ್ರತಿ ಸೋಮವಾರ ನನ್ನ ಫೋನಿಗೆ ಬರ್ತಿತ್ತಲ್ಲ, ತಂದೆಯವರು ಸುರಕ್ಷಿತ, ಹಸಿರು ಅಂತ?"

"ಸುರಕ್ಷಿತವಾಗೇ ಇದ್ದಾರಲ್ಲ ಮೇಡಂ. ಒಂದು ಸಲವೂ ಬಿದ್ದಿಲ್ಲ."

"ಬಿಡಮ್ಮ" ಎಂದರು ಕಂಡಕ್ಟರು. "ನನಗೇ ಸೋಮಾರಿತನ. ಕೂತು ಕೂತು ರೂಢಿಯಾಯ್ತು. ಇಲ್ಲಿ ಎಲ್ಲಾ ಚೆನ್ನಾಗಿ ನೋಡ್ಕೋತಾರೆ. ನೀನು ಹೊರಡು, ಗಾಡಿಯವನು ಕಾಯ್ತಿರ್ತಾನೆ."

ಅಷ್ಟು ಸುಲಭವಾಗಿ ಅವರು ತನ್ನ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡದ್ದು ಆಯಾಳಿಗೆ ತಡೆಯಲಾಗಲಿಲ್ಲ. ಮಗಳು ಖಾಲಿ ಸೂಟ್‌ಕೇಸು ಹಿಡಿದು ಜಗಲಿಗೆ ಬಂದಾಗ ಅವಳು ಹಿಂದೆಯೇ ಹೋದಳು. ಪ್ರಶಸ್ತಿಪತ್ರ ಇನ್ನೂ ಕಂಕುಳಲ್ಲಿತ್ತು.

"ಸೋಮಾರಿತನ ಅಲ್ಲ. ನಾನೇ ಕೂರಿಸಿದ್ದು" ಎಂದಳು. "ಅವರು ನಿಂತರೆ ನನ್ನ ಕೆಲಸ ಹೋಗುತ್ತೆ ಅಂದೆ. ನನಗೋಸ್ಕರ ಕೂತರು."

ಮಗಳು ಅವಳನ್ನು ದಿಟ್ಟಿಸಿದಳು. ಹೊಡೆದೇಬಿಡುತ್ತಾಳೇನೋ ಅನ್ನಿಸಿತು. ಹೊಡೆದಿದ್ದರೆ ಚೆನ್ನಾಗಿತ್ತು.

"ನನಗೆ ಒಂದು ಮಾತು ಹೇಳಬಹುದಿತ್ತು."

"ಹೇಳಬಹುದಿತ್ತು."

"ನನ್ನ ನಂಬರು ನಿಮ್ಮ ಹತ್ರ ಇತ್ತು."

"ಇತ್ತು."

ಮಗಳು ಜಗಲಿಯ ಕಂಬಕ್ಕೆ ಒರಗಿದಳು. "ನಿಮ್ಮನ್ನ ಬೈಯೋಕೆ ನನಗೆ ಬಾಯಿಲ್ಲ" ಎಂದಳು. "ಸೋಮವಾರ ಆ ಹಸಿರು ನೋಡಿದ್ರೆ ಸಾಕು, ಆ ವಾರ ಅಪ್ಪಂಗೆ ಫೋನೇ ಮಾಡ್ತಿರಲಿಲ್ಲ." ಮೂಗು ಒರೆಸಿಕೊಂಡು, ಇನ್ನೊಂದು ವರ್ಷಕ್ಕೆ ಮುಂದುವರಿಸುವ ಕಾಗದಕ್ಕೆ ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದಳು. ಆಯಾ ಆಫೀಸಿನ ಬಾಗಿಲು ತೋರಿಸಿದಳು.

ಮಾರನೆಯ ಬೆಳಗ್ಗೆ ಅವಳು ಎಲ್ಲರಿಗಿಂತ ಮೊದಲು ಏಳನೇ ಕೋಣೆಗೆ ಹೋದಳು. ಕಂಡಕ್ಟರು ಎಚ್ಚರಾಗಿ ಮಂಚದ ಅಂಚಿನಲ್ಲಿ ಕೂತಿದ್ದರು. ಅವಳು ಮುಂದೆ ನಿಂತು, ಅವರ ಎರಡೂ ಕಂಕುಳಿಗೆ ಕೈ ಕೊಟ್ಟಳು.

"ಬೇಡ ತಂಗಿ. ನಿನ್ನ ಸೊಂಟ ಹಿಡಿಯುತ್ತೆ."

"ಹಿಡೀಲಿ. ಏಳಿ."

ಎತ್ತಿದಳು. ಅಷ್ಟು ಉದ್ದದ ಮನುಷ್ಯ ಇಷ್ಟು ಹಗುರಾಗಿರಬಹುದೆಂದು ಅವಳು ಎಣಿಸಿರಲಿಲ್ಲ. ಅವರ ಗಲ್ಲ ಅವಳ ಹೆಗಲ ಮೇಲೆ ಬಂತು. ಮಂಡಿಗಳು ಅವಳ ಮಂಡಿಗೆ ತಾಗಿ ನಡುಗುತ್ತಿದ್ದವು. ಹತ್ತು ಎಣಿಸೋಣ ಎಂದು ಅವಳು ಎಣಿಸತೊಡಗಿದಳು. ನಾಲ್ಕು ಎನ್ನುವಾಗ ಅವರು ಅವಳ ಹೆಗಲ ಮೇಲಿಂದ ಕಿಟಕಿಯ ಆಚೆ ನೋಡಿ, "ಅರೆ" ಎಂದರು.

"ಏನು?"

"ಕಾಂಪೌಂಡ್ ಗೋಡೆಗೆ ನೀಲಿ ಬಣ್ಣ ಹೊಡೆದಿದಾರೆ. ಯಾವಾಗ?"

"ಎರಡು ತಿಂಗಳಾಯ್ತು."

"ಹೌದಾ" ಎಂದರು. "ಚೆನ್ನಾಗಿದೆ."

ಅಷ್ಟರಲ್ಲಿ ಅವಳ ಸೊಂಟದ ಫೋನು ಗುರ್ ಎಂದಿತು. ಹಜಾರದ ಆ ಕೊನೆಯಲ್ಲಿ ಬೇರೆ ಯಾರೋ ಎದ್ದಿದ್ದರು. ಅವಳು ಏಳು, ಎಂಟು ಎಂದು ಎಣಿಸಿದಳು. ಫೋನು ಮತ್ತೆ ಗುರ್ ಎಂದಿತು. "ಹೋಗು, ಹೋಗು" ಎಂದರು ಅವರು ಅವಳ ಕಿವಿಯ ಹತ್ತಿರ. ಅವಳು ಮೆಲ್ಲಗೆ ಮಂಡಿ ಬಗ್ಗಿಸಿ ಅವರನ್ನು ಇಳಿಸಿದಳು. ಗೋಡೆಯ ನೀಲಿ ಕಿಟಕಿಯ ಕೆಳಗಿನ ಅಂಚಿಗೆ ಜಾರಿ ಮರೆಯಾಯಿತು. ಕೂತ ಜಾಗದಿಂದ ಕಾಣಲು ಆಕಾಶ, ಒಂದು ವಿದ್ಯುತ್ ತಂತಿ ಮಾತ್ರ ಉಳಿದವು.